ಬೇಸ್ ಇಳಿಸ್ತೀವಿ ಅಂತ ಫೋಮ್ ಹಿಡ್ಕೊಂಡು ಬರೋರಿದ್ದಾರೆ, ಹುಷಾರು

ದಾವಣಗೆರೆಯಲ್ಲಿ ಬೇಸ್ (ತಗ್ಗು ಸ್ವರ) ನುಡಿಸುವ ಸಬ್‌ವೂಫರ್ ಸ್ಪೀಕರ್ ಮಾರುವವರ ಹಿಂದೆಯೇ ಈಗ, ಕೋಣೆಯ ಸದ್ದು ಸರಿಮಾಡ್ತೀವಿ ಅಂತ ‘ರೂಂ ಟ್ರೀಟ್‌ಮೆಂಟ್’ ಮಾಡಿಕೊಡುವವರೂ ಹುಟ್ಟಿಕೊಂಡಿದ್ದಾರೆ. ವಿದ್ಯಾನಗರದ ನಮ್ಮ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಆಗದಿರಲಿ ಅಂತ ಬರೀತಿದ್ದೀನಿ. ಅಂಗಡಿ ಹೆಸರು ಬೇಡ. ಇದೇ ಮಾತು ಹೇಳಿ ಮಾರುವವರು ಬೇರೆಯವರೂ ಇದ್ದಾರೆ.

ಹಾಡು ಕೇಳುವ ನಮ್ಮ ಕೋಣೆ 10 ಅಡಿಗೆ 10 ಅಡಿ, ಎತ್ತರವೂ 10. ಆರ್‌ಸಿಸಿ ತಾರಸಿ, ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್. ಬೇಸ್ ಗಿಟಾರ್‌ನ ಒಂದು ಸ್ವರಕ್ಕೆ ಕಿಟಕಿ ಗಾಜು ನಡುಗುತ್ತಿತ್ತು, ಇನ್ನೊಂದು ಸ್ವರ ಇದೆಯೋ ಇಲ್ಲವೋ ಅನ್ನುವಂತೆ ಜಾರಿಹೋಗುತ್ತಿತ್ತು. ನೋಡಲು ಬಂದ ಫೋಮ್‌ನವರು ಕೋಣೆ ನಡುವೆ ನಿಂತು ಚಪ್ಪಾಳೆ ತಟ್ಟಿದರು. “ಎಕೋ ಜಾಸ್ತಿ ಇದೆ ಸರ್, ಫೋಮ್ ಹಾಕಿದ್ರೆ ಬೇಸ್ ಕೂತ್ಬಿಡುತ್ತೆ” ಅಂದರು. ಚಪ್ಪಾಳೆ ಸದ್ದಿನಲ್ಲಿ ಬೇಸೇ ಇರಲ್ಲ ಅನ್ನೋದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ!

ಮೂರು ಗೋಡೆಗೆ ಒಂದು ಇಂಚಿನ ಪಿರಮಿಡ್ ಫೋಮ್ ಬಂತು. ತಾಳ, ಗೆಜ್ಜೆ, ವಯಲಿನ್ ಎಲ್ಲ ಮಂಕಾದವು. ಬೇಸ್ ಮಾತ್ರ ಇದ್ದ ಹಾಗೇ ಇತ್ತು. ಉಳಿದದ್ದೆಲ್ಲ ತಗ್ಗಿದ್ದರಿಂದ ಇನ್ನೂ ಜಾಸ್ತಿಯಾದಂತೆ ಕೇಳಿಸುತ್ತಿತ್ತು. “ಕಂಬಳಿ ಹೊದ್ಕೊಂಡು ಹಾಡ್ತಿದಾರೇನೋ?” ಅಂತ ಅಮ್ಮ ಕೇಳಿದರು. ಫೋನ್ ಮಾಡಿದರೆ ಅವರದು ಒಂದೇ ಉತ್ತರ: ತಾರಸಿಗೂ ಹಾಕಿಸಿ.

ತೊಂದರೆ ಇದ್ದದ್ದು ಕೋಣೆಯ ಅಳತೆಯಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಅದನ್ನು ಕೋಣೆ ಉದ್ದದ ಎರಡರಷ್ಟರಿಂದ ಭಾಗಿಸಿ. 10 ಅಡಿಗೆ 56 ಹರ್ಟ್ಝ್ (ಸೆಕೆಂಡಿಗೆ 56 ಕಂಪನ) ಬರುತ್ತದೆ. ಆ ಸ್ವರ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಬೇಸ್ ಗಿಟಾರ್‌ನ ಎ ತಂತಿ 55 ಹರ್ಟ್ಝ್, ಅದರ ಮಗ್ಗುಲಿಗೇ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರೂ ಅನುರಣನ (ಸ್ವರ ಹೀಗೆ ನಿಂತು ಮೊಳಗುವುದು) ಒಂದೇ ಸ್ವರದ ಮೇಲೆ ಬಂದು ಕೂರುತ್ತವೆ. ಹಾಡು ಕೇಳೋಕೆ ಇಂಥ ಘನಾಕಾರದ ಕೋಣೆಗಿಂತ ಕೆಟ್ಟದ್ದಿಲ್ಲ. 56 ಹರ್ಟ್ಝ್ ಅಲೆಯ ಉದ್ದ ಸುಮಾರು 20 ಅಡಿ. ಫೋಮ್ ಶಬ್ದ ಹೀರುವುದು ಅದರೊಳಗೆ ಗಾಳಿ ಅಲುಗಾಡಿದರೆ. ಗೋಡೆಗೆ ತಾಗಿದ ಕಡೆ ಬೇಸ್ ಅಲೆಯ ಒತ್ತಡ ಹೆಚ್ಚು, ಗಾಳಿಯ ಚಲನೆ ಹೆಚ್ಚುಕಮ್ಮಿ ಸೊನ್ನೆ. ಒಂದು ಇಂಚು ಅಲ್ಲಿ ಏನು ಮಾಡೀತು? ಮೊಟ್ಟೆ ಟ್ರೇ ಅಂಟಿಸುವ ಸಲಹೆಯಂತೂ ಇದಕ್ಕಿಂತ ಕಡೆ.

ದುಡ್ಡಿನ ಮಾತು ಬಿಡಿ, ಬೆಂಕಿಯದ್ದು ಮುಖ್ಯ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ ಒಂದರಲ್ಲಿ 100 ಜನ ಸತ್ತರು. ಪಟಾಕಿ ಕಿಡಿ ಮೊದಲು ಹೊತ್ತಿಸಿದ್ದು ಗೋಡೆಗೆ ಅಂಟಿಸಿದ್ದ ಇಂಥ ಫೋಮನ್ನೇ. ನಮಗೆ ಹಾಕಿಹೋದದ್ದರ ಚೂರೊಂದನ್ನು ಅಂಗಳಕ್ಕೆ ಒಯ್ದು ಕಡ್ಡಿ ಗೀರಿದರೆ ಭಗ್ ಅಂತ ಹತ್ತಿಕೊಂಡು ಉರಿಯುತ್ತಾ ತೊಟ್ಟಿಕ್ಕಿತು. ಗೋಡೆಯಲ್ಲಿ ಆ ಫೋಮ್ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇತ್ತು. ಅವತ್ತೇ ಕಿತ್ತೆವು. ಪುಟ್ಟಿ ಸಮೇತ ಬಂತು.

ನಿಜವಾಗಿ ಬದಲಾವಣೆ ತಂದದ್ದು ಪುಕ್ಕಟೆ ಕೆಲಸಗಳು. ಫೋಮ್‌ನವರು ಸಬ್‌ವೂಫರನ್ನು ಮೂಲೆಗೆ ತುರುಕಿದ್ದರು. ಮೂಲೆಯಲ್ಲಿಟ್ಟರೆ ಕೋಣೆಯ ಎಲ್ಲ ಅನುರಣನವೂ ಪೂರ್ತಿ ಎದ್ದು ಕೂರುತ್ತದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ತುಂಬಿದ ಹಾಡು ಹಾಕಿ, ಗೋಡೆ ಪಕ್ಕ ಮಂಡಿಯೂರಿ ತೆವಳುತ್ತಾ ಕೇಳಿ. ಯಾರಾದರೂ ನೋಡಿದರೆ ನಗ್ತಾರೆ, ನಗಲಿ. ಎಲ್ಲ ಸ್ವರ ಸಮನಾಗಿ ಕೇಳುವ ಜಾಗಕ್ಕೆ ಅದನ್ನು ಸಾಗಿಸಿ. ಸೋಫಾ ಹಿಂದಿನ ಗೋಡೆಗೆ ಒರಗಿರಬಾರದು. ಕೋಣೆಯ ಸರಿಯಾದ ನಡುವೆಯೂ ಬೇಡ, ಅಲ್ಲಿ ಆ 56 ಹರ್ಟ್ಝ್ ಬಹುಪಾಲು ಮಾಯವಾಗುತ್ತದೆ.

ಆಮೇಲೂ ಉಳಿದರೆ ರೂಂ ಈಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಮತ್ತು ಅಳತೆ ಮೈಕಿನಿಂದ ನೋಡಿ, ಏರಿದ ಸ್ವರವನ್ನು ಈಕ್ವಲೈಜರ್‌ನಲ್ಲಿ (ಬೇರೆ ಬೇರೆ ಸ್ವರಗಳ ಮಟ್ಟ ಹೊಂದಿಸುವ ಸಾಧನ) ಇಳಿಸಿ. ತಗ್ಗಿದ್ದನ್ನು ಎತ್ತಲು ಹೋಗಬೇಡಿ, ಆಂಪ್ಲಿಫೈಯರ್ ಬಿಸಿಯಾಗುವುದಷ್ಟೇ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು ನಮ್ಮದು; ಹತ್ತಿ ಹಾಸಿಗೆ ಮೂಲೆಗೆ ನಿಲ್ಲಿಸಿದರೆ ತಬಲಾ ಜೋಡಿಯ ಡಗ್ಗಾದ ಗುಂಯ್‌ಗುಡುವಿಕೆ ಸ್ವಲ್ಪ ತಗ್ಗೀತು, 56ಕ್ಕೆ ಅದೂ ಸಾಲದು. ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿಸುವುದಾದರೆ ಮೂಲೆಗಳಲ್ಲಿ ನೆಲದಿಂದ ತಾರಸಿವರೆಗೆ, ಮೇಲೆ ಬಟ್ಟೆ ಹೊದಿಸಿ ಹಾಕಿಸಿ. ಮುಂಗಡ ಕೊಡುವ ಮುಂಚೆ ಕೋಣೆಯಲ್ಲಿ ಯಾವ ಸ್ವರ ಎಷ್ಟು ಏರಿದೆ, ತಗ್ಗಿದೆ ಅಂತ ಅಳೆದ ಗ್ರಾಫ್ ಕೇಳಿ. ಚಪ್ಪಾಳೆ ತಟ್ಟಿದರೆ ಚಹಾ ಕೊಟ್ಟು ಕಳಿಸಿ.