ಹನ್ನೊಂದು ಜನ ಮುಂಬೈಗೆ ಬಂದರೆ ಉಳಿಯೋದು ವಾಶಿನಾ, ಮಾಟುಂಗಾನಾ?

ಮನೆಮಂದಿಯೆಲ್ಲ ಮುಂಬೈ ನೋಡಲು ಬರುವಾಗ ಮೊದಲು ಉಳಿಯುವ ಜಾಗ ಗಟ್ಟಿ ಮಾಡಿಕೊಳ್ಳಿ. ಖರ್ಚು ಕೈಮೀರುವುದು ಅಲ್ಲೇ.

ನವಿ ಮುಂಬೈನ ವಾಶಿಯಲ್ಲಿ ಅದೇ ದುಡ್ಡಿಗೆ ದೊಡ್ಡ ಜಾಗ ಸಿಗುತ್ತದೆ. ಅಡುಗೆಮನೆ ಇರುವ ಫ್ಲಾಟ್ ಹಿಡಿದರೆ ಬೆಳಗಿನ ಉಪ್ಪಿಟ್ಟು, ಮಕ್ಕಳ ಹಾಲು ಅಲ್ಲೇ ಆಗುತ್ತದೆ. ಆದರೆ ದಕ್ಷಿಣ ಮುಂಬೈನ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಗೆ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಕು, ಅದೂ ದಿನಕ್ಕೆ ಎರಡು ಸಲ, ಸಂಜೆ ಮೆರೈನ್ ಡ್ರೈವ್‌ನಲ್ಲಿ ಕೂತು ಎದ್ದ ಮೇಲೆ ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು.

ಮುಂಬೈ ನಗರದೊಳಗೇ ಇರುವ ಮಾಟುಂಗಾದಲ್ಲಿ ರೂಮು ಚಿಕ್ಕದು, ಬಾಡಿಗೆ ಜಾಸ್ತಿ. ಆದರೂ ಅಜ್ಜ ಅಜ್ಜಿ ಜೊತೆಗಿದ್ದರೆ ನಾನು ಹೇಳುವುದು ಇದನ್ನೇ. ಮಾಟುಂಗಾ, ಮಾಟುಂಗಾ ರೋಡ್, ಕಿಂಗ್ಸ್ ಸರ್ಕಲ್ ಅಂತ ಮೂರು ಲೈನಿನ ಸ್ಟೇಷನ್ನೂ ಹತ್ತಿರ. 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಊಟದ ಹೋಟೆಲು ಮಾಟುಂಗಾ ಸ್ಟೇಷನ್ ಪಕ್ಕದಲ್ಲೇ ಇದೆ. ಮೂರನೇ ದಿನಕ್ಕೆ ಹಿರಿಯರು ಅನ್ನ ಸಾರು ಕೇಳೇ ಕೇಳುತ್ತಾರೆ, ಅಲ್ವಾ? ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ, ಹಾಗಾಗಿ ಕನ್ನಡ ಕಿವಿಗೆ ಬೀಳುತ್ತದೆ.

ಹನ್ನೊಂದು ಜನಕ್ಕೆ ಮೂರು ಟ್ಯಾಕ್ಸಿ ಬೇಕು. ಲೋಕಲ್ ರೈಲೇ ವಾಸಿ, 5ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ಬೆಳಗ್ಗೆ ಹನ್ನೊಂದರ ನಂತರವೇ ಹೊರಡಿ, ಅದಕ್ಕೆ ಮುಂಚೆ ಹಿರಿಯರನ್ನು ಆ ನೂಕುನುಗ್ಗಲಿಗೆ ದಯವಿಟ್ಟು ಹತ್ತಿಸಬೇಡಿ. ಎಲಿಫೆಂಟಾ ಗುಹೆ ನೋಡುವ ಯೋಚನೆ ಇದ್ದರೆ ನೆನಪಿಡಿ, ಅಲ್ಲಿ ಸೋಮವಾರ ರಜೆ.