ಬಾಡಿಗೆ ಜನರೇಟರನ್ನು ಹುಳುಮನೆ ಪಡಸಾಲೆಯಲ್ಲಿ ಇಡಬೇಡಿ

ರೇಷ್ಮೆ ಬೆಳೆಯುವವರು, ಶುಭಕಾರ್ಯಕ್ಕೆ ಜನರೇಟರ್ ತರಿಸುವವರು ದಯವಿಟ್ಟು ಪೂರ್ತಿ ಓದಿ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ಚಿಕ್ಕಪ್ಪ, ಅವರ ಮಗ ಇಬ್ಬರೂ ಸಾವಿನ ಬಾಯಿಂದ ವಾಪಸ್ ಬಂದಿದ್ದಾರೆ.

ಡಿಸೆಂಬರ್ ಚಳಿ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು ಮೇಯುವ ಭರದಲ್ಲಿದ್ದವು. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಒಂದು ವಾರದಲ್ಲೇ ಹೋಗುತ್ತೆ, ರಾತ್ರಿ ಸೊಪ್ಪು ತಪ್ಪಿಸುವ ಹಾಗಿಲ್ಲ. ಅದೇ ಹೊತ್ತಿಗೆ ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು. ಪೇಟೆಯ ಬಾಡಿಗೆ ಅಂಗಡಿಯಿಂದ ಪೆಟ್ರೋಲ್ ಜನರೇಟರ್ ಬಂತು. ತಂದ ಹುಡುಗ, ಹೊರಗೆ ತುಂತುರು ಇದೆ ಅಂತ ಹುಳುಮನೆಯ ಪಡಸಾಲೆಯಲ್ಲೇ ಇಳಿಸಿದ. "ಒಂದು ಕಿಟಕಿ ತೆಗ್ದಿಡಿ ಅಣ್ಣ, ಏನೂ ಆಗಲ್ಲ" ಅಂದು ಹೊರಟುಹೋದ. ಮಿಕ್ಕ ಕಿಟಕಿಗೆಲ್ಲ ಚಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಗೇ ಇತ್ತು.

ಮೊದಲು ಚಿಕ್ಕಪ್ಪನ ಮಗ, ನನ್ನ ತಮ್ಮನಿಗೆ ತಲೆನೋವು, ಆಮೇಲೆ ವಾಂತಿ. ಹುಳುವಿಗೆ ಉದುರಿಸಿದ ಪುಡಿಯ ಘಾಟು ಅಂದುಕೊಂಡು ಅಲ್ಲೇ ಮಲಗಿದ. ಬೆಳಗಿನ ಜಾವ ಚಿಕ್ಕಮ್ಮ ಕಾಫಿ ತಗೊಂಡು ಹೋದಾಗ ಚಿಕ್ಕಪ್ಪ ಸೊಪ್ಪಿನ ಗಂಟಿಗೆ ಒರಗಿ ಕೂತಿದ್ದಾರೆ; ಕರೆದರೆ ನೋಡುತ್ತಾರೆ, ಮಾತು ತೊದಲುತ್ತೆ, ಏಳಲು ಕಾಲಿಗೆ ಬಲವಿಲ್ಲ. ತಮ್ಮನಿಗೆ ಎಚ್ಚರವೇ ಇಲ್ಲ. ಅಕ್ಕಪಕ್ಕದವರು ಬಂದು ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದರು.

ಆಸ್ಪತ್ರೆಯಲ್ಲಿ ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್ 98 ತೋರಿಸುತ್ತಿತ್ತು, ಅಂದರೆ ಎಲ್ಲ ಸರಿಯಿದೆ ಅನ್ನೋ ಹಾಗೆ. ಪುಣ್ಯಕ್ಕೆ ಡಾಕ್ಟರು ಅದನ್ನು ನಂಬಲಿಲ್ಲ. "ಮಲಗಿದ್ದ ಕಡೆ ಏನಾದ್ರೂ ಉರೀತಿತ್ತಾಮ್ಮ?" ಅಂತ ಕೇಳಿ ತಕ್ಷಣ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಜನರೇಟರ್ ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಆ ಕ್ಲಿಪ್‌ಗೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಆದ್ದರಿಂದ ಆಸ್ಪತ್ರೆಗೆ ಹೋದ ತಕ್ಷಣ ಜನರೇಟರ್ ಓಡುತ್ತಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಿ.

ಆಮೇಲೆ ಪರಿಚಯದ ಮೆಕ್ಯಾನಿಕ್ ಆ ಮಿಷನ್ ಬಿಚ್ಚಿ ತೋರಿಸಿದರು. ಏರ್ ಫಿಲ್ಟರ್ ಸ್ಪಂಜು ಧೂಳು ಮೆತ್ತಿ ಹೆಂಟೆಯಾಗಿತ್ತು. ಸ್ಪಾರ್ಕ್ ಪ್ಲಗ್ ತುದಿ ಮಸಿ ಹಿಡಿದು ಕಪ್ಪಗಾಗಿತ್ತು. ಸೈಲೆನ್ಸರ್ ಕೂರುವ ಜಾಗದ ಗ್ಯಾಸ್ಕೆಟ್ ಒಡೆದಿತ್ತು. ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿದರೆ ಈ ವಿಷಗಾಳಿ ಇನ್ನೂ ಹೆಚ್ಚು. ದುಡ್ಡು ಎಣಿಸಿಕೊಳ್ಳುವ ಅಂಗಡಿಯವರಿಗೆ ಒಂದು ಸ್ಪಂಜು ತೊಳೆಯುವಷ್ಟು ಕಾಳಜಿ ಇರಲಿಲ್ಲವಲ್ಲ ಅನ್ನೋದು ನನಗೆ ಈಗಲೂ ಹೊಟ್ಟೆ ಉರಿಸುತ್ತೆ. ಆದರೆ ಹೊಸ ಮಿಷನ್ ಆದರೂ ಸೂರಿನ ಕೆಳಗೆ ಇಡಬಾರದು. ಕಿಟಕಿ ತೆಗೆದರೆ, ಫ್ಯಾನ್ ಹಾಕಿದರೆ ಸಾಕು ಅನ್ನೋದು ಸುಳ್ಳು. ಬಾಗಿಲು, ಕಿಟಕಿಯಿಂದ ಕನಿಷ್ಠ 20 ಅಡಿ ದೂರ ಇರಬೇಕು, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರಬೇಕು. ಮಳೆ ಬಂದರೆ ಮೇಲೆ ಮಾತ್ರ ತಗಡು, ನಾಲ್ಕೂ ಕಡೆ ಬಯಲು. ಕಳ್ಳರ ಭಯಕ್ಕೆ ಸರಪಳಿ ಹಾಕಿ ಕಂಬಕ್ಕೆ ಬೀಗ ಜಡಿಯಿರಿ.

ಅದೇ ಹುಡುಗ ಇನ್ನೊಂದು ಕೆಟ್ಟ ಕೆಲಸ ಮಾಡಿದ್ದ. ಎರಡೂ ತುದಿಗೆ ಪಿನ್ ಇರುವ ವೈರ್ ತಂದು ಗೋಡೆಯ ಸಾಕೆಟ್‌ಗೇ ಕರೆಂಟ್ ಕೊಟ್ಟಿದ್ದ. ಟಿಸಿ ನೋಡಲು ಬಂದ ಲೈನ್‌ಮನ್ ಅದನ್ನು ಕಂಡು ಕಿಡಿಕಿಡಿಯಾದರು: "ನಿಮ್ಮನೆ ಕರೆಂಟು ಹಿಂದಕ್ಕೆ ಟಿಸಿಗೆ ಹೋದ್ರೆ 11 ಕೆವಿ, ಅಂದ್ರೆ 11 ಸಾವಿರ ವೋಲ್ಟ್ ಆಗ್ತದೆ. ಕಂಬದ ಮೇಲೆ ನಾನಿರ್ತೀನಿ ಯಜಮಾನ್ರೆ." ಲೈನ್ ಕರೆಂಟು, ಜನರೇಟರ್ ಕರೆಂಟು ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆ ವೈರಿಂಗ್‌ಗೆ ಜನರೇಟರ್ ಸೇರಿಸಲು ಯಾರನ್ನೂ ಬಿಡಬೇಡಿ.

ಬಾಡಿಗೆಗೆ ತರುವಾಗ ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ. ಕಪ್ಪು ಹೊಗೆ ಬಂದರೆ, ಸೈಲೆನ್ಸರ್ ಬುಡದಲ್ಲಿ ಪಟಪಟ ಸದ್ದು ಬಂದರೆ ಬೇಡ ಅನ್ನಿ. ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಮಟ್ಟ ನೋಡಿ. ಪೆಟ್ರೋಲ್ ಮುಗಿದರೆ ಆಫ್ ಮಾಡಿ, ಎಂಜಿನ್ ಆರಿದ ಮೇಲೆ ತುಂಬಿಸಿ. ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿದರೆ ಹೊತ್ತಿಕೊಳ್ಳುತ್ತೆ. ಸ್ವಂತದ್ದಿದ್ದರೆ ಹೆಚ್ಚಿನ ಚಿಕ್ಕ ಮಿಷನ್‌ಗಳಿಗೆ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ಹೊಸದಕ್ಕೆ ಮೊದಲ ಸಲ ಇನ್ನೂ ಬೇಗ. ಕೈ ಹಾಕುವ ಮುಂಚೆ ಪ್ಲಗ್ ಕ್ಯಾಪ್ ಕಿತ್ತಿಡಿ. ತಿಂಗಳುಗಟ್ಟಲೆ ಮೂಲೆಗಿಡುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡರ ಪೆಟ್ರೋಲೂ ಖಾಲಿ ಮಾಡಿ.

ಜನರೇಟರ್ ಓಡುವಾಗ ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ, ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು ಬಂದರೆ, ಮಾತ್ರೆ ಹುಡುಕಬೇಡಿ. ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿ.