ಮುತ್ತಜ್ಜನ ಮೆಡಲ್‌ಗೆ ಶ್ಯಾಡೋ ಬಾಕ್ಸ್: ಫ್ರೇಮ್ ಚೆನ್ನ, ಒಳಗಿನ ಬಟ್ಟೆ ಬೇಡ

ಮೂರು ಮೆಡಲ್, ಒಂದು ಫೋಟೊ, ಸೇನೆಯ ಒಂದು ಡಿಸ್ಚಾರ್ಜ್ ಪತ್ರ ಹಿಡಿಸುವ, ಮುಂದೆ ಗಾಜಿರುವ, ಗೋಡೆಗೆ ನೇತುಹಾಕುವ ರೆಡಿಮೇಡ್ ಪೆಟ್ಟಿಗೆ ಇದು. 36 ಮಿಲಿಮೀಟರ್ ಅಗಲದ ಮೆಡಲ್ ತೂಗುಬಿದ್ದರೂ ಗಾಜಿಗೆ ತಾಗದಷ್ಟು ಆಳವಿದೆ. ಹಿಂಬದಿಯ ಹಲಗೆಗೆ ತಿರುಪು ಹಾಕಿದ್ದಾರೆ, ಬೇಕೆಂದಾಗ ಬಿಚ್ಚಬಹುದು. ಹೊಗಳಿಕೆ ಇಷ್ಟೇ.

ತಕರಾರು ಒಳಗಿನ ಕೆಂಪು ಫೆಲ್ಟ್‌ನದು. ಅದು ಉಣ್ಣೆ ಒತ್ತಿ ಮಾಡಿದ ದಪ್ಪ ಬಟ್ಟೆ. ಉಣ್ಣೆಯಲ್ಲಿ ಗಂಧಕ ಇರುವುದರಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು (ಕೂಲಿ ದಳಗಳಿಗೆ ಕಂಚಿನದನ್ನೂ ಕೊಟ್ಟಿದ್ದರು). ಕಪ್ಪಾಯಿತೆಂದು ಯಾರಾದರೂ ಬ್ರಾಸೊ ಹಚ್ಚಿ ಉಜ್ಜಿದರೆ ಕೆಟ್ಟಿತು. ಆ ಮೆಡಲ್‌ನ ಅಂಚನ್ನು ಓರೆ ಬೆಳಕಿಗೆ ಹಿಡಿದು ತಿರುಗಿಸಿ: ನಂಬರು, ರ‍್ಯಾಂಕು, ಹೆಸರು, ರೆಜಿಮೆಂಟು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತವೆ. ಮೆಡಲ್ ಯಾರದೆಂಬುದಕ್ಕೆ ಸಾಕ್ಷಿ ಅದೇ. ಪ್ರತಿ ಸಲ ಉಜ್ಜಿದಾಗಲೂ ಅದು ಒಂದಿಷ್ಟು ಸವೆಯುತ್ತದೆ.

ಫೆಲ್ಟ್ ಕಿತ್ತು, ಅದರಡಿಯ ಅಂಟನ್ನೂ ಕೆರೆದು ತೆಗೆಯಿರಿ. ಆಮ್ಲರಹಿತ ರಟ್ಟನ್ನು ಅಳತೆಗೆ ಕತ್ತರಿಸಿ, ಒಗೆದು ಒಣಗಿಸಿದ ಬಣ್ಣ ಹಾಕದ ಹತ್ತಿ ಬಟ್ಟೆ ಹೊದಿಸಿ. ಜೊತೆಗೆ ಕೊಟ್ಟಿರುವ ಎರಡು ಬದಿಯ ಟೇಪನ್ನು ಮೆಡಲ್‌ಗೆ ಮುಟ್ಟಿಸಲೇಬೇಡಿ. ರಿಬ್ಬನ್ನಿನ ಮೇಲ್ತುದಿ ಮಡಿಸಿ, ಹತ್ತಿ ದಾರದಿಂದ ನಾಲ್ಕು ಹೊಲಿಗೆ ಹಾಕಿ ರಟ್ಟಿಗೆ ಸೇರಿಸಿದರೆ ಸಾಕು. ಗುಂಡುಪಿನ್ನು ತುಕ್ಕು ಹಿಡಿದು ಕಲೆ ಬಿಡುತ್ತದೆ. ಹಳೆಯ ರೇಷ್ಮೆ ರಿಬ್ಬನ್ ಮಡಿಕೆಯಲ್ಲೇ ಸೀಳಿದ್ದರೆ ಅದಕ್ಕೆ ಭಾರ ಹೊರಿಸಬೇಡಿ. ಅದೇ ಪಟ್ಟೆಗಳಿರುವ 32 ಮಿಲಿಮೀಟರ್‌ನ ಹೊಸ ರಿಬ್ಬನ್ನಿಗೆ ಮೆಡಲ್ ತೂಗುಹಾಕಿ, ಹಳೆಯದನ್ನು ಮಡಿಸದೆ ಲಕೋಟೆಯಲ್ಲಿಡಿ.

ಫೋಟೊವನ್ನು ಗಾಜಿಗೆ ಒತ್ತಿ ಕೂರಿಸುವಂತೆ ಮಾಡಿರುವುದು ಇನ್ನೊಂದು ಎಡವಟ್ಟು. ತೇವ ಸೇರಿದರೆ ಚಿತ್ರದ ಪದರ ಗಾಜಿಗೇ ಅಂಟಿಕೊಂಡು, ಬಿಡಿಸುವಾಗ ಮುಖವೇ ಎದ್ದು ಬರುತ್ತದೆ. ನಡುವೆ ಕನಿಷ್ಠ 3 ಮಿಲಿಮೀಟರ್ ಅಂತರ ಬೇಕು. ಡಿಸ್ಚಾರ್ಜ್ ಪತ್ರದ ಬಣ್ಣದ ನಕಲನ್ನಷ್ಟೇ ಒಳಗಿಡಿ, ಅಸಲು ಕತ್ತಲಲ್ಲಿರಲಿ.

ಗಾಜು ಅತಿನೇರಳೆ ಕಿರಣ ತಡೆಯುತ್ತದೆ ಎನ್ನುತ್ತಾರೆ. ಇದ್ದೀತು. ಕಣ್ಣಿಗೆ ಕಾಣುವ ಬೆಳಕೂ ರಿಬ್ಬನ್ನಿನ ಬಣ್ಣ ತಿನ್ನುವುದರಿಂದ ಬಿಸಿಲು ಬೀಳುವ ಗೋಡೆಗೆ ಇದನ್ನು ನೇತುಹಾಕಬಾರದು.

ಐದಕ್ಕೆ ಮೂರು ಅಂಕ, ಅದೂ ಮರಗೆಲಸಕ್ಕೆ. ಹಲಗೆ ಮುಚ್ಚುವ ಮುಂಚೆ ಪ್ರತಿ ಮೆಡಲ್‌ನ ಎರಡೂ ಮುಖ, ಅಂಚಿನ ಪೂರ್ತಿ ಸುತ್ತು ಫೋಟೊ ತೆಗೆದಿಡಿ. ಗೋಡೆಗೆ ಏರಿದ ಮೇಲೆ ಅಂಚು ಯಾರಿಗೂ ಕಾಣದು.